ನೀರು ಯಾಕೆ ಧ್ರುವೀಯ ದ್ರಾವಕ? ಹಂತ ಹಂತವಾಗಿ ಕಲಿಯುವ ದಾರಿ, ಮನೆಯ ಪ್ರಯೋಗಗಳು, ಎಲ್ಲರೂ ಮಾಡುವ ತಪ್ಪುಗಳು

"ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ಕಾರಣ ಕೊಡಿ." ಸಂಜೆ ಪಾಠಕ್ಕೆ ಬರುವ ಪಿಯುಸಿ ಮಕ್ಕಳಿಗೆ ನಾನು ಪ್ರತಿ ವರ್ಷ ಕೊಡುವ ಪ್ರಶ್ನೆ ಇದು. ಬರುವ ಉತ್ತರವೂ ಪ್ರತಿ ವರ್ಷ ಒಂದೇ: "ನೀರು ಧ್ರುವೀಯ, ಉಪ್ಪೂ ಧ್ರುವೀಯ. ಸಮಾನವಾದದ್ದು ಸಮಾನವಾದದ್ದನ್ನು ಕರಗಿಸುತ್ತದೆ." ಮೂರು ಅಂಕದ ಪ್ರಶ್ನೆಗೆ ಇದರಿಂದ ಒಂದು ಅಂಕ ಸಿಕ್ಕರೆ ಪುಣ್ಯ.

ಆ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಅದು ಕೊನೆಯಲ್ಲಿ ಬರಬೇಕಾದ ಮಾತು, ಮೊದಲು ಬಂದುಬಿಟ್ಟಿದೆ. ನೀರು ಯಾಕೆ ಧ್ರುವೀಯ (ಅಂದರೆ ಅಣುವಿನ ಒಂದು ತುದಿ ಸ್ವಲ್ಪ ಧನ, ಇನ್ನೊಂದು ತುದಿ ಸ್ವಲ್ಪ ಋಣ) ಅಂತ ಹೇಳಿಲ್ಲ, ಕರಗುವಾಗ ಏನಾಗುತ್ತದೆ ಅಂತಲೂ ಹೇಳಿಲ್ಲ. ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಒಂದು ಹಂತ ಬಿಟ್ಟು ಮುಂದಕ್ಕೆ ಹಾರಿದರೆ ನಾಲ್ಕನೇ ಹಂತದಲ್ಲಿ ಖಂಡಿತ ಸಿಕ್ಕಿಹಾಕಿಕೊಳ್ಳುತ್ತೀರಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಒಂದು ನಿಂಬೆ ಗಾತ್ರದ ಚಪಾತಿ ಹಿಟ್ಟು, ನಾಲ್ಕು ಕಡ್ಡಿ, ಕೋನಮಾಪಕ. ಪುಡಿ ಉಪ್ಪು, ಸಕ್ಕರೆ, ಅರಿಶಿನ, ಕೊಬ್ಬರಿ ಎಣ್ಣೆ, ಒಂದು ಮೊಟ್ಟೆಯ ಚಿಪ್ಪು, ಒಂದು ತುಂಡು ಕರ್ಪೂರ. ಮೆಡಿಕಲ್ ಶಾಪಿನಿಂದ ಸಣ್ಣ ಬಾಟಲಿ ಸರ್ಜಿಕಲ್ ಸ್ಪಿರಿಟ್. 9 ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಮೂರು ತುಂಡು ವೈರ್. ಪಾರದರ್ಶಕ ಗಾಜಿನ ಲೋಟ ನಾಲ್ಕು.

ಇನ್ನೊಂದು ಮುಖ್ಯ ಸಾಮಾನು ಭಟ್ಟಿ ಇಳಿಸಿದ ನೀರು. ಬ್ಯಾಟರಿ ಅಂಗಡಿಯಲ್ಲಿ "ಬ್ಯಾಟರಿ ವಾಟರ್" ಅಂತ ಕೇಳಿದರೆ ಸಿಗುತ್ತದೆ. ಎಚ್ಚರ: ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಮಾರುತ್ತಾರೆ, ಕ್ಯಾನ್ ನೋಡಲು ಒಂದೇ ತರಹ ಇರಬಹುದು. ಲೇಬಲ್ ಓದದೆ ತರಬೇಡಿ.

ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪ, ಊದುಬತ್ತಿ ಇರುವ ಕಡೆ ಅದರ ಮುಚ್ಚಳ ತೆಗೆಯಬೇಡಿ. ಈ ಪ್ರಯೋಗದ ಯಾವುದನ್ನೂ ಬಾಯಿಗೆ ಹಾಕಬೇಡಿ.

## ಹಂತ 1: ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ನೋಡಿ

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಪ್ರತಿ ಹೈಡ್ರೋಜನ್ ಒಂದು ಜೊತೆ ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್ ಜೊತೆ ಹಂಚಿಕೊಂಡಿದೆ. ಹಂಚಿಕೊಂಡಿದೆ ಅಂದ ಮಾತ್ರಕ್ಕೆ ಸಮಪಾಲು ಅಂತ ಅಲ್ಲ. ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುವ ಬಲವನ್ನು ವಿದ್ಯುದೃಣತೆ ಅನ್ನುತ್ತೇವೆ. ಪೌಲಿಂಗ್ ಅಳತೆಯಲ್ಲಿ ಆಕ್ಸಿಜನ್‌ಗೆ 3.44, ಹೈಡ್ರೋಜನ್‌ಗೆ 2.20. ವ್ಯತ್ಯಾಸ 1.24.

ಹಾಗಾಗಿ ಹಂಚಿಕೊಂಡ ಎಲೆಕ್ಟ್ರಾನ್‌ಗಳು ಹೆಚ್ಚು ಹೊತ್ತು ಆಕ್ಸಿಜನ್ ಕಡೆ ಇರುತ್ತವೆ. ಆಕ್ಸಿಜನ್ ತುದಿ ಸ್ವಲ್ಪ ಋಣ, ಹೈಡ್ರೋಜನ್ ತುದಿಗಳು ಸ್ವಲ್ಪ ಧನ.

"ಸ್ವಲ್ಪ" ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಲೆಕ್ಟ್ರಾನ್ ಪೂರ್ತಿ ಕೈ ಬದಲಿಸಿಲ್ಲ, ಇದು ಭಾಗಶಃ ಆವೇಶ. ಚಿತ್ರದಲ್ಲಿ ಆಕ್ಸಿಜನ್ ಮೇಲೆ ಬರೀ ಮೈನಸ್ ಗುರುತು ಹಾಕಿದರೆ ತಪ್ಪು, ಡೆಲ್ಟಾ ಮೈನಸ್ (δ−) ಹಾಕಬೇಕು. ಇಡೀ ಅಣುವಿನ ಒಟ್ಟು ಆವೇಶ ಸೊನ್ನೆ. "ಧ್ರುವೀಯ ಅಂದರೆ ಆವೇಶ ಇರುವ ಅಣು" ಅಂತ ನಿಮ್ಮ ನೋಟ್ಸ್‌ನಲ್ಲಿ ಎಲ್ಲಾದರೂ ಬರೆದಿದ್ದರೆ ಈಗಲೇ ಹೊಡೆದುಹಾಕಿ.

## ಹಂತ 2: ಚಪಾತಿ ಹಿಟ್ಟಿನಲ್ಲಿ ಅಣು ಮಾಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ಅಂಕ ಹೋಗುವುದೂ ಇಲ್ಲೇ.

ಹಿಟ್ಟಿನ ಒಂದು ದೊಡ್ಡ ಉಂಡೆ ಮಾಡಿ, ಅದು ಆಕ್ಸಿಜನ್. ಅದಕ್ಕೆ ನಾಲ್ಕು ಕಡ್ಡಿ ಚುಚ್ಚಬೇಕು. ನಾಲ್ಕೂ ಒಂದರಿಂದ ಒಂದು ಆದಷ್ಟು ದೂರ ಇರಬೇಕು. ಮೊದಲ ಸಲ ಎಲ್ಲರೂ ಪ್ಲಸ್ ಗುರುತಿನ ಹಾಗೆ ಚಪ್ಪಟೆಯಾಗಿ ಚುಚ್ಚುತ್ತಾರೆ. ಹಾಗಲ್ಲ. ಮೂರು ಕಡ್ಡಿ ಮುಕ್ಕಾಲಿಯ ಕಾಲುಗಳಂತೆ ಕೆಳಗೆ ಚಾಚಿ, ಒಂದು ನೆಟ್ಟಗೆ ಮೇಲೆ ನಿಲ್ಲಬೇಕು. ಈಗ ಯಾವ ಎರಡು ಕಡ್ಡಿ ತೆಗೆದುಕೊಂಡರೂ ನಡುವಿನ ಕೋನ ಸುಮಾರು 109.5 ಡಿಗ್ರಿ.

ಎರಡು ಕಡ್ಡಿಗಳ ತುದಿಗೆ ಸಣ್ಣ ಉಂಡೆ ಸಿಕ್ಕಿಸಿ, ಅವು ಹೈಡ್ರೋಜನ್. ಉಳಿದ ಎರಡು ಖಾಲಿ ಕಡ್ಡಿಗಳು ಯಾರ ಜೊತೆಗೂ ಹಂಚಿಕೊಳ್ಳದ ಎಲೆಕ್ಟ್ರಾನ್ ಜೋಡಿಗಳು. ಈ ಜೋಡಿಗಳು ಹೆಚ್ಚು ಜಾಗ ಕೇಳುತ್ತವೆ, ಬಸ್ ಸೀಟಿನಲ್ಲಿ ಕಾಲು ಅಗಲಿಸಿ ಕೂತವರ ಹಾಗೆ. ಹೈಡ್ರೋಜನ್‌ಗಳು ಅನಿವಾರ್ಯವಾಗಿ ಒತ್ತರಿಸಿಕೊಳ್ಳುತ್ತವೆ. ಕೋನ 104.5 ಡಿಗ್ರಿಗೆ ಇಳಿಯುತ್ತದೆ. ಕೋನಮಾಪಕ ಇಟ್ಟು ಕಡ್ಡಿಯನ್ನು ಸರಿಮಾಡಿ.

ಈಗ ಅಣುವನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಂದು ಪಕ್ಕದಲ್ಲಿ ಎರಡೂ ಹೈಡ್ರೋಜನ್, ಎದುರು ಪಕ್ಕದಲ್ಲಿ ಆಕ್ಸಿಜನ್ ಬೆನ್ನು. ಧನ ಒಂದು ಕಡೆ, ಋಣ ಇನ್ನೊಂದು ಕಡೆ. ಎರಡು ಬಂಧಗಳ ಎಳೆತ ಸೇರಿ ಒಂದೇ ದಿಕ್ಕಿಗೆ ವಾಲುತ್ತದೆ. ಇದರ ಅಳತೆಯೇ ಡೈಪೋಲ್ ಮೊಮೆಂಟ್, ನೀರಿಗೆ 1.85 ಡಿಬೈ (ಡಿಬೈ ಅದರ ಮಾನ).

ಇನ್ನು ಎರಡು ಹೈಡ್ರೋಜನ್‌ಗಳನ್ನೂ ನೇರ ಗೆರೆಯಲ್ಲಿ, ಎದುರುಬದುರು ಚುಚ್ಚಿ ನೋಡಿ. ಎಡಕ್ಕೆ ಎಷ್ಟು ಎಳೆತವೋ ಬಲಕ್ಕೂ ಅಷ್ಟೇ, ಒಟ್ಟು ಸೊನ್ನೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಆಗುವುದು ಇದೇ. ಅದರ ಬಂಧಗಳು ಧ್ರುವೀಯ, ಅಣು ಧ್ರುವೀಯ ಅಲ್ಲ. ಅಂದರೆ ವಿದ್ಯುದೃಣತೆ ಒಂದನ್ನೇ ಹೇಳಿ ಆಕಾರ ಹೇಳದಿದ್ದರೆ ನಿಮ್ಮ ಉತ್ತರ ಅರ್ಧ ಮಾತ್ರ. "ಬಾಗಿದ ಆಕಾರ" ಅನ್ನುವ ಎರಡು ಪದ ಇಲ್ಲದೆ ನೀರಿನ ಧ್ರುವೀಯತೆ ಸಾಬೀತಾಗುವುದೇ ಇಲ್ಲ.

## ಹಂತ 3: ನೀರು ನೀರನ್ನೇ ಹಿಡಿದುಕೊಂಡಿದೆ

ಒಂದು ಅಣುವಿನ ಹೈಡ್ರೋಜನ್ ತುದಿ ಪಕ್ಕದ ಅಣುವಿನ ಆಕ್ಸಿಜನ್ ಕಡೆ ಎಳೆಯುತ್ತದೆ. ಇದು ಹೈಡ್ರೋಜನ್ ಬಂಧ. ಬಲ ಒಂದು ಮೋಲ್‌ಗೆ (ಕಣಗಳನ್ನು ಎಣಿಸುವ ಒಂದು ದೊಡ್ಡ ಅಳತೆ) ಸುಮಾರು 20 ಕಿಲೋಜೂಲ್. ಅಣುವಿನ ಒಳಗಿನ ಆಕ್ಸಿಜನ್–ಹೈಡ್ರೋಜನ್ ಬಂಧಕ್ಕೆ ಸುಮಾರು 463. ಎರಡನ್ನೂ ಬೆರೆಸಬೇಡಿ. ಉಪ್ಪು ಹಾಕಿದಾಗ ನೀರಿನ ಅಣು ಒಡೆಯುವುದಿಲ್ಲ, ಅಣುಗಳು ಒಂದರ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯುತ್ತವೆ ಅಷ್ಟೆ.

ಹೊರಗಿನಿಂದ ಬಂದವರು ಈ ಜಾಲದೊಳಗೆ ನುಗ್ಗಬೇಕಾದರೆ ನೀರಿಗೆ ಬದಲಿಗೆ ಏನಾದರೂ ಕೊಡಬೇಕು. ಮುಂದಿನ ಹಂತಗಳಲ್ಲೆಲ್ಲ ಈ ಕೊಡು-ಕೊಳ್ಳುವ ಲೆಕ್ಕವೇ ನಡೆಯುತ್ತದೆ.

## ಹಂತ 4: ಉಪ್ಪು ಕರಗುವ ಲೆಕ್ಕ

ಉಪ್ಪಿನಲ್ಲಿ ಅಣು ಅಂತ ಇಲ್ಲ, ಇರುವುದು ಅಯಾನುಗಳು, ಅಂದರೆ ಭಾಗಶಃ ಅಲ್ಲದೆ ಪೂರ್ತಿ ಆವೇಶ ಇರುವ ಕಣಗಳು. ಸೋಡಿಯಂ ಧನ ಅಯಾನು, ಕ್ಲೋರೈಡ್ ಋಣ ಅಯಾನು, ಚದುರಂಗದ ಮನೆಗಳ ಹಾಗೆ ಮೂರೂ ದಿಕ್ಕಿಗೆ ಒಂದಾದ ಮೇಲೊಂದು ಜೋಡಿಸಿಕೊಂಡಿವೆ. ಅದಕ್ಕೇ "ಉಪ್ಪಿನ ಅಣು ಧ್ರುವೀಯ" ಅಂತ ಬರೆದರೆ ತಪ್ಪು. ಉಪ್ಪು ಅಯಾನಿಕ.

ಕ್ರಮ ಹೀಗಿದೆ:

1. ಹರಳಿನ ಮೂಲೆ, ಅಂಚುಗಳಲ್ಲಿರುವ ಅಯಾನುಗಳ ಮೇಲೆ ನೀರಿನ ಅಣುಗಳು ಮುಗಿಬೀಳುತ್ತವೆ. ಸೋಡಿಯಂ ಕಡೆಗೆ ಆಕ್ಸಿಜನ್ ತುದಿ, ಕ್ಲೋರೈಡ್ ಕಡೆಗೆ ಹೈಡ್ರೋಜನ್ ತುದಿ.

2. ಎಳೆತ ಸಾಕಷ್ಟಾದಾಗ ಅಯಾನು ಹರಳಿನಿಂದ ಕಳಚಿಕೊಳ್ಳುತ್ತದೆ. ಕೂಡಲೇ ಸುಮಾರು ಆರು ನೀರಿನ ಅಣುಗಳು ಅದನ್ನು ಸುತ್ತುವರಿಯುತ್ತವೆ. ಇದಕ್ಕೆ ಜಲಯೋಜನೆ ಅನ್ನುತ್ತಾರೆ, ಕ್ಲಾಸಿನಲ್ಲಿ ಹೈಡ್ರೇಷನ್.

3. ಸುತ್ತುವರಿದ ಅಯಾನುಗಳು ಮತ್ತೆ ಅಂಟಿಕೊಳ್ಳುವುದು ಕಷ್ಟ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಕೋಣೆಯ ಉಷ್ಣಾಂಶದಲ್ಲಿ ಸುಮಾರು 80. ಅಂದರೆ ಅಷ್ಟೇ ದೂರದಲ್ಲಿರುವ ಎರಡು ಅಯಾನುಗಳ ನಡುವಿನ ಸೆಳೆತ ನಿರ್ವಾತದಲ್ಲಿ ಇರುವುದರ ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೆಕ್ಸೇನ್ ಅನ್ನುವ ಧ್ರುವೀಯವಲ್ಲದ ದ್ರವಕ್ಕೆ ಈ ಸಂಖ್ಯೆ 2ಕ್ಕೂ ಕಡಿಮೆ, ಅದರಲ್ಲಿ ಉಪ್ಪು ಹಾಕಿದರೆ ಹಾಕಿದ ಹಾಗೇ ಕೂತಿರುತ್ತದೆ.

ಈಗ ದುಡ್ಡಿನ ಲೆಕ್ಕ. ಒಂದು ಮೋಲ್ ಉಪ್ಪಿನ ಹರಳನ್ನು ಬಿಡಿಬಿಡಿ ಅಯಾನು ಮಾಡಲು ಸುಮಾರು 787 ಕಿಲೋಜೂಲ್ ಖರ್ಚು. ನೀರು ಆ ಅಯಾನುಗಳನ್ನು ಸುತ್ತುವರಿದಾಗ ವಾಪಸ್ ಬರುವುದು ಸುಮಾರು 783. ಅಂದರೆ 4 ಕಿಲೋಜೂಲ್ ಸಾಲ! ಆದರೂ ಉಪ್ಪು ಕರಗುತ್ತದೆ. ಯಾಕೆಂದರೆ ಸಾಲಾಗಿ ಕೂತಿದ್ದ ಅಯಾನುಗಳಿಗೆ ಇಡೀ ಲೋಟದಲ್ಲಿ ಚದುರಿ ಓಡಾಡುವ ಅವಕಾಶ ಸಿಕ್ಕಿತು. ಈ ಚದುರುವಿಕೆಯ ಅಳತೆ ಎಂಟ್ರೋಪಿ, ಆ ಸಣ್ಣ ಸಾಲವನ್ನು ಅದು ತೀರಿಸುತ್ತದೆ. ಕೊರತೆಯ ಶಾಖವನ್ನು ನೀರಿನಿಂದಲೇ ತೆಗೆದುಕೊಳ್ಳುವುದರಿಂದ ಉಪ್ಪು ಕರಗಿದ ನೀರು ಸ್ವಲ್ಪ ತಣ್ಣಗಾಗುತ್ತದೆ. "ಕರಗುವಾಗ ಯಾವಾಗಲೂ ಶಾಖ ಹೊರಬರುತ್ತದೆ" ಅಂತ ಬರೆಯುವವರು ಇದನ್ನು ನೆನಪಿಡಿ.

ಮಾಡಿ ನೋಡಿ: 100 ಮಿಲೀ ನೀರಿಗೆ ಒಂದೊಂದೇ ಚಮಚ ಪುಡಿ ಉಪ್ಪು ಹಾಕಿ ಕಲಕುತ್ತಾ ಹೋಗಿ. ಸಣ್ಣ ಚಮಚದಲ್ಲಿ ಆರು ಚಮಚದ ಆಸುಪಾಸಿನಲ್ಲಿ ತಳದಲ್ಲಿ ಉಪ್ಪು ನಿಲ್ಲಲು ಶುರುವಾಗುತ್ತದೆ. ಮಿತಿ ಸುಮಾರು 36 ಗ್ರಾಂ. ಅಯೋಡಿನ್ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೇರೆ ಪುಡಿ ಬೆರೆಸಿರುವುದರಿಂದ ನೀರು ಸ್ವಲ್ಪ ಮಬ್ಬಾಗಬಹುದು, ಅದನ್ನು ಕರಗದ ಉಪ್ಪು ಅಂದುಕೊಳ್ಳಬೇಡಿ.

## ಹಂತ 5: ಸಕ್ಕರೆ ಬೇರೆ ದಾರಿಯಲ್ಲಿ ಕರಗುತ್ತದೆ

"ಸಕ್ಕರೆ ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತದೆ." ಪ್ರತಿ ಬ್ಯಾಚಿನಲ್ಲೂ ಐದಾರು ಜನ ಇದನ್ನು ಬರೆಯುತ್ತಾರೆ. ಬಾಯಲ್ಲಿ ಎಷ್ಟು ಹೇಳಿದರೂ ಹೋಗದ ತಪ್ಪು ಇದು, ಎಲ್‌ಇಡಿ ಹಚ್ಚಿ ತೋರಿಸಿದರೆ ಹೋಗುತ್ತದೆ.

ಬ್ಯಾಟರಿಯ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಎಲ್‌ಇಡಿಯ ಗಿಡ್ಡ ಕಾಲಿನಿಂದ ಒಂದು ಪೆನ್ಸಿಲ್ಲಿನ ಮೇಲ್ತುದಿ. ಇನ್ನೊಂದು ಪೆನ್ಸಿಲ್ಲಿನ ಮೇಲ್ತುದಿ ಬ್ಯಾಟರಿಯ ಮೈನಸ್‌ಗೆ. ಎರಡೂ ಪೆನ್ಸಿಲ್ಲಿನ ಕೆಳತುದಿ ಒಂದು ಸೆಂಟಿಮೀಟರ್ ಅಂತರದಲ್ಲಿ ನೀರಿನೊಳಗೆ. ಮೊದಲು ಎರಡು ಪೆನ್ಸಿಲ್ ತುದಿಗಳನ್ನು ಒಂದಕ್ಕೊಂದು ತಾಗಿಸಿ, ದೀಪ ಹೊತ್ತಬೇಕು. ಹೊತ್ತದಿದ್ದರೆ ಎಲ್‌ಇಡಿ ತಿರುಗುಮುರುಗಾಗಿದೆ, ಇಲ್ಲವೇ ಪೆನ್ಸಿಲ್ಲಿನೊಳಗಿನ ಸೀಸ ಮುರಿದಿದೆ.

ಮನೆಯ ಕರೆಂಟ್ ಪ್ಲಗ್ಗನ್ನು ಇದಕ್ಕೆ ಎಂದೂ ಬಳಸಬೇಡಿ. ಮೊಬೈಲ್ ಚಾರ್ಜರ್ ಕೂಡ ಬೇಡ. ಬ್ಯಾಟರಿ ಮಾತ್ರ.

ಭಟ್ಟಿ ಇಳಿಸಿದ ನೀರಿನಲ್ಲಿ ದೀಪ ಹೊತ್ತುವುದಿಲ್ಲ, ತುಂಬಾ ಸೂಕ್ಷ್ಮ ಎಲ್‌ಇಡಿ ಆದರೆ ಕತ್ತಲೆಯಲ್ಲಿ ಒಂದು ಮಿಣುಕು ಕಾಣಬಹುದು. ಎರಡು ಚಮಚ ಸಕ್ಕರೆ ಕರಗಿಸಿ, ಏನೂ ಬದಲಾಗುವುದಿಲ್ಲ. ಇನ್ನೊಂದು ಲೋಟದಲ್ಲಿ ಚಿಟಿಕೆ ಉಪ್ಪು ಹಾಕಿ, ದೀಪ ಝಗ್ಗೆನ್ನುತ್ತದೆ. ಪೆನ್ಸಿಲ್ ತುದಿಯಲ್ಲಿ ಗುಳ್ಳೆಗಳೂ ಏಳುತ್ತವೆ. ಉಪ್ಪಿನ ಲೋಟವನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಈಜುಕೊಳದ ವಾಸನೆ ಬಂದರೆ ಅದು ಕ್ಲೋರಿನ್, ತಕ್ಷಣ ನಿಲ್ಲಿಸಿ ಕಿಟಕಿ ತೆರೆಯಿರಿ.

ನಲ್ಲಿ ನೀರಿನಲ್ಲಿ ಮಾಡಿದರೆ ಸಕ್ಕರೆ ಹಾಕುವ ಮೊದಲೇ ದೀಪ ಹೊತ್ತಿಕೊಂಡು ಎಲ್ಲ ಗೊಂದಲವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರಾದರಂತೂ ಕೇಳಲೇಬೇಡಿ. ಅದರಲ್ಲಿ ಲವಣ ಆಗಲೇ ಕರಗಿದೆ. ಬ್ಯಾಟರಿ ವಾಟರ್ ತನ್ನಿ ಅಂದಿದ್ದು ಇದಕ್ಕೇ.

ಸಕ್ಕರೆಯ ಅಣು ಇಡಿಯಾಗಿಯೇ ನೀರಿಗೆ ಇಳಿಯುತ್ತದೆ. ಅದರ ಮೈಮೇಲೆ ಎಂಟು ಆಕ್ಸಿಜನ್-ಹೈಡ್ರೋಜನ್ ಗುಂಪುಗಳಿವೆ, ಎಂಟು ಕೊಕ್ಕೆ ಅಂದುಕೊಳ್ಳಿ. ಪ್ರತಿ ಕೊಕ್ಕೆಗೂ ನೀರು ಹೈಡ್ರೋಜನ್ ಬಂಧದಿಂದ ನೇತುಬೀಳುತ್ತದೆ. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುವುದು ಈ ಕೊಕ್ಕೆಗಳ ದಯೆಯಿಂದ.

## ಹಂತ 6: ಎಣ್ಣೆ, ಅರಿಶಿನ ಮತ್ತು ಮೋಸ ಮಾಡುವ ಹಳದಿ ಬಣ್ಣ

ಮೊದಲು ಎಣ್ಣೆ. "ಎಣ್ಣೆ ಹಗುರ, ಅದಕ್ಕೇ ತೇಲುತ್ತದೆ, ಅದಕ್ಕೇ ಕರಗುವುದಿಲ್ಲ." ಮೊದಲೆರಡು ಸರಿ, ಮೂರನೆಯದಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಸ್ಪಿರಿಟ್ ಎಣ್ಣೆಗಿಂತಲೂ ಹಗುರ, ಆದರೂ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಕ್ಲೋರೋಫಾರ್ಮ್ ನೀರಿಗಿಂತ ಭಾರ, ಆದರೂ ಬೆರೆಯದೆ ತಳದಲ್ಲಿ ನಿಲ್ಲುತ್ತದೆ. ತೂಕದ ಮಾತು ಬಿಡಿ.

ಎಣ್ಣೆಯ ಅಣು ಬಹುಪಾಲು ಉದ್ದುದ್ದ ಕಾರ್ಬನ್-ಹೈಡ್ರೋಜನ್ ಸರಪಳಿ. ಕಾರ್ಬನ್ ವಿದ್ಯುದೃಣತೆ 2.55, ಹೈಡ್ರೋಜನ್ 2.20, ವ್ಯತ್ಯಾಸ ಬರೀ 0.35. ಹೇಳಿಕೊಳ್ಳುವಂಥ ಧನ ತುದಿಯೂ ಇಲ್ಲ, ಋಣ ತುದಿಯೂ ಇಲ್ಲ. ನೀರಿಗೆ ಎಣ್ಣೆಯ ಮೇಲೆ ದ್ವೇಷ ಏನಿಲ್ಲ. ನೀರು ತನ್ನವರ ಕೈ ಬಿಟ್ಟು ಎಣ್ಣೆಗೆ ಜಾಗ ಮಾಡಿಕೊಟ್ಟರೆ ಸಿಗುವುದು ಏನೂ ಇಲ್ಲ, ಅಷ್ಟೆ. ಮೂರನೇ ಹಂತದ ಕೊಡು-ಕೊಳ್ಳುವ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ.

ಈಗ ಅರಿಶಿನ. ಮೂರು ಲೋಟದಲ್ಲಿ ನೀರು, ಕೊಬ್ಬರಿ ಎಣ್ಣೆ, ಸ್ಪಿರಿಟ್ ತೆಗೆದುಕೊಂಡು ತಲಾ ಒಂದು ಚಿಟಿಕೆ ಹಾಕಿ ಕಲಕಿ. ಮೂರೂ ಹಳದಿ! "ನೀರಿನಲ್ಲೂ ಕರಗಿತಲ್ಲ ಸಾರ್" ಅನ್ನುವ ಕೂಗು ಕೇಳುವುದು ಇಲ್ಲೇ.

ಅರ್ಧ ಗಂಟೆ ಅಲ್ಲಾಡಿಸದೆ ಬಿಡಿ. ನೀರಿನ ಲೋಟದಲ್ಲಿ ಪುಡಿ ತಳಕ್ಕೆ ಕೂತು, ಮೇಲಿನ ನೀರು ತೆಳುವಾಗುತ್ತದೆ. ಅದರ ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಬೆಳಕಿನ ಹಾದಿ ಹೊಗೆಯ ಕೋಲಿನ ಹಾಗೆ ಕಾಣುತ್ತದೆ. ಅಂದರೆ ಅದು ತೇಲುತ್ತಿರುವ ಪುಡಿ, ಕರಗಿದ್ದಲ್ಲ. ಸ್ಪಿರಿಟ್ ಲೋಟದಲ್ಲೂ ತಳದಲ್ಲಿ ಪುಡಿ ಇರುತ್ತದೆ, ಆದರೆ ಮೇಲಿನ ದ್ರವ ತಿಳಿಯಾಗಿ, ಜೇನಿನಂಥ ಗಾಢ ಹಳದಿಯಾಗಿ ನಿಂತಿರುತ್ತದೆ. ಅರಿಶಿನದ ಬಣ್ಣ ಕರ್ಕ್ಯುಮಿನ್ ಅನ್ನುವ ವಸ್ತುವಿನದು. ಅದು ನೀರಿನಲ್ಲಿ ಕರಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಬರೀ ನೀರಿಗೆ ಹೋಗದಿರುವುದು ಸುಮ್ನೆ ಅಲ್ಲ, ಅಲ್ವಾ?

ಒಂದು ನಿಯಮ ಇಟ್ಟುಕೊಳ್ಳಿ: ಮಬ್ಬಾಗಿದ್ದರೆ ಕರಗಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ತಿಳಿ ನೋಡಿ ಮಾಡಿ.

## ಬಾಚಣಿಗೆ ಪ್ರಯೋಗದ ಬಗ್ಗೆ ಒಂದು ಮಾತು

ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ನಲ್ಲಿಯ ಸಣ್ಣ ಧಾರೆಯ ಹತ್ತಿರ ಹಿಡಿದರೆ ಧಾರೆ ಬಾಗುತ್ತದೆ. ನೋಡಲು ಚೆಂದ. ನಾನೊಮ್ಮೆ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ನಲವತ್ತು ಮಕ್ಕಳ ಮುಂದೆ ಇದನ್ನು ಮಾಡಲು ಹೋಗಿ ಕೆಟ್ಟೆ. ಹತ್ತು ನಿಮಿಷ ತಲೆ ಬಾಚಿದರೂ ಧಾರೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಗಾಳಿಯಲ್ಲಿ ಅಷ್ಟು ತೇವ ಇದ್ದರೆ ಬಾಚಣಿಗೆಯ ಮೇಲೆ ಆವೇಶ ನಿಲ್ಲುವುದೇ ಇಲ್ಲ. ಒಣ ಹವೆಯಲ್ಲಿ, ಎಣ್ಣೆ ಹಚ್ಚದ ಕೂದಲಿನಲ್ಲಿ ಮಾಡಿ.

ಅದಕ್ಕಿಂತ ದೊಡ್ಡ ಎಚ್ಚರಿಕೆ: ಇದನ್ನು ನೀರಿನ ಧ್ರುವೀಯತೆಗೆ ಪುರಾವೆ ಅಂತ ಬರೆಯಬೇಡಿ. ಬಾಚಣಿಗೆ ಹತ್ತಿರ ಬಂದಾಗ ಧಾರೆಯಲ್ಲೇ ವಿರುದ್ಧ ಆವೇಶ ಸೇರಿಕೊಳ್ಳುತ್ತದೆ, ಬಾಗುವುದರಲ್ಲಿ ಅದರ ಪಾಲು ದೊಡ್ಡದು. ಆವೇಶ ಸಿಕ್ಕರೆ ಧ್ರುವೀಯವಲ್ಲದ ದ್ರವದ ಧಾರೆಯೂ ಬಾಗುತ್ತದೆ. ತುಂಬಾ ಪುಸ್ತಕಗಳಲ್ಲಿ "ಅಣುಗಳು ತಿರುಗಿ ನಿಲ್ಲುವುದರಿಂದ" ಅಂತಷ್ಟೇ ಇರುತ್ತದೆ. ನನಗೆ ಆ ವಿವರಣೆ ಸಾಲದು.

## ಹಂತ 7: ನಿಯಮ ಎಲ್ಲಿ ಕೈಕೊಡುತ್ತದೆ

ಮೊಟ್ಟೆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟ್. ಅಯಾನಿಕ ವಸ್ತು. ಪುಡಿ ಮಾಡಿ ನೀರಿಗೆ ಹಾಕಿ, ನಾಳೆ ಬಂದು ನೋಡಿದರೂ ಅಲ್ಲೇ ಇರುತ್ತದೆ. ಇಲ್ಲಿ ಎರಡೆರಡು ಆವೇಶದ ಅಯಾನುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿವೆ, ನೀರು ಕೊಡುವ ಬೆಲೆ ಆ ಹಿಡಿತ ಬಿಡಿಸಲು ಸಾಲದು. ಲ್ಯಾಬಿನಲ್ಲಿ ಉಪ್ಪಿನ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಮೊಸರಿನಂತೆ ಬೀಳುವ ಬಿಳಿ ಪ್ರಕ್ಷೇಪವೂ ಅಯಾನಿಕವೇ. ಹಾಗಾಗಿ "ಎಲ್ಲ ಅಯಾನಿಕ ವಸ್ತುಗಳೂ ನೀರಿನಲ್ಲಿ ಕರಗುತ್ತವೆ" ಅಂತ ಬರೆಯಬೇಡಿ. "ಅನೇಕ" ಅಂತ ಬರೆಯಿರಿ.

ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಕುದಿಯುವಷ್ಟು ಬಿಸಿಯಾಗುತ್ತದೆ. ಅದು ಕರಗುವಿಕೆ ಅಲ್ಲ, ರಾಸಾಯನಿಕ ಕ್ರಿಯೆ, ಹೊಸ ವಸ್ತುವೇ ಹುಟ್ಟುತ್ತದೆ. ಉದಾಹರಣೆಗೆ ಅಂತ ಮನೆಯಲ್ಲಿ ಮಾಡಲು ಹೋಗಬೇಡಿ, ಕಣ್ಣಿಗೆ ಹಾರಿದರೆ ಕಷ್ಟ.

## ಹಂತ 8: ಉತ್ತರ ಬರೆಯುವ ಕ್ರಮ

ಮೂರು ಅಂಕಕ್ಕೆ ಐದು ವಾಕ್ಯ ಸಾಕು, ಈ ಕ್ರಮದಲ್ಲೇ ಬರಬೇಕು:

1. ಆಕ್ಸಿಜನ್‌ನ ವಿದ್ಯುದೃಣತೆ ಹೈಡ್ರೋಜನ್‌ಗಿಂತ ಹೆಚ್ಚು, ಆದ್ದರಿಂದ ಬಂಧ ಧ್ರುವೀಯ.
2. ಅಣು 104.5 ಡಿಗ್ರಿ ಕೋನದಲ್ಲಿ ಬಾಗಿದೆ, ಆದ್ದರಿಂದ ಎರಡು ಬಂಧಗಳ ಎಳೆತ ರದ್ದಾಗದೆ ಅಣುವೇ ಧ್ರುವೀಯವಾಗುತ್ತದೆ.
3. ಋಣ ತುದಿ ಧನ ಅಯಾನನ್ನೂ ಧನ ತುದಿ ಋಣ ಅಯಾನನ್ನೂ ಸುತ್ತುವರಿಯುತ್ತವೆ.
4. ಜಲಯೋಜನೆಯ ಶಕ್ತಿ ಮತ್ತು ಚದುರುವಿಕೆ ಸೇರಿ ಹರಳಿನ ಹಿಡಿತವನ್ನು ಮೀರಿದಾಗ ವಸ್ತು ಕರಗುತ್ತದೆ.
5. ಎಣ್ಣೆಗೆ ಇಂಥ ಧನ-ಋಣ ತುದಿಗಳಿಲ್ಲದ್ದರಿಂದ ನೀರಿನ ಹೈಡ್ರೋಜನ್ ಬಂಧಗಳ ಜಾಲದಲ್ಲಿ ಅದಕ್ಕೆ ಜಾಗವಿಲ್ಲ.

ಪಕ್ಕದಲ್ಲಿ ಒಂದು ಚಿತ್ರ ಇರಲಿ: ನಡುವೆ ಸೋಡಿಯಂ, ಸುತ್ತ ಆರು ನೀರಿನ ಅಣು, ಎಲ್ಲದರ ಆಕ್ಸಿಜನ್ ಒಳಮುಖ. ಒಂದೇ ಒಂದು ಅಣು ತಿರುಗುಮುರುಗಾದರೂ ಮೌಲ್ಯಮಾಪಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

## ಹಂತ 9: ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ನೀರಿನಲ್ಲಿ ಕರಗುತ್ತದೆಯೇ? ಕರಗಿದರೆ ಅಯಾನುಗಳಾಗಿಯೋ, ಇಡೀ ಅಣುವಾಗಿಯೋ?

ಪಟಿಕ: ಅಯಾನುಗಳಾಗಿ. ಬೆಲ್ಲ: ಬಹುಪಾಲು ಸಕ್ಕರೆಯೇ, ಅಣುವಾಗಿ. ತಳದಲ್ಲಿ ಉಳಿಯುವ ಕಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತುಪ್ಪ: ಎಣ್ಣೆಯ ಅಣ್ಣ, ಇಲ್ಲ.

ಯೂರಿಯಾದಲ್ಲಿ ತುಂಬಾ ಜನ ಎಡವುತ್ತಾರೆ. ಗೊಬ್ಬರ ಅಂದ ಕೂಡಲೇ ಅಯಾನಿಕ ಅಂದುಬಿಡುತ್ತಾರೆ. ಅಲ್ಲ, ಅದು ಇಡೀ ಅಣುವಾಗಿಯೇ, ಹೈಡ್ರೋಜನ್ ಬಂಧಗಳ ಬಲದಿಂದ ಧಾರಾಳವಾಗಿ ಕರಗುತ್ತದೆ. ಸಿಂಪಡಣೆಗೆ ಯೂರಿಯಾ ಕಲಕಿದವರಿಗೆ ಗೊತ್ತು, ಬಕೆಟ್ ಕೈಗೆ ತಣ್ಣಗೆ ಕೊರೆಯುತ್ತದೆ. ನಾಲ್ಕನೇ ಹಂತದ ಸಾಲದ ಲೆಕ್ಕವೇ, ಇಲ್ಲಿ ಸಾಲ ಇನ್ನೂ ದೊಡ್ಡದು.

ಕೊನೆಯದು ಕರ್ಪೂರ. ಅದರ ಅಣುವಿನಲ್ಲಿ ಒಂದು ಆಕ್ಸಿಜನ್ ಇದೆ, ಆ ಮೂಲೆ ಧ್ರುವೀಯ. ಉಳಿದದ್ದೆಲ್ಲ ಕಾರ್ಬನ್, ಹೈಡ್ರೋಜನ್. ಸಣ್ಣ ಚೂರನ್ನು ನೀರಿಗೆ ಹಾಕಿ, ಕರಗದೆ ಮೇಲ್ಮೈಯಲ್ಲಿ ಗಿರಗಿರ ಓಡಾಡುತ್ತದೆ. ಇನ್ನೊಂದು ಚೂರನ್ನು ಒಂದೆರಡು ಚಮಚ ಸ್ಪಿರಿಟ್‌ಗೆ ಹಾಕಿ ಕಲಕಿ, ಕಣ್ಣೆದುರೇ ಮಾಯ. ಹತ್ತಿರ ಬೆಂಕಿ ಇಲ್ಲ ಅಂತ ಇನ್ನೊಮ್ಮೆ ನೋಡಿಕೊಂಡು, ಆ ತಿಳಿ ದ್ರವಕ್ಕೆ ನಾಲ್ಕೈದು ಚಮಚ ನೀರು ಸುರಿಯಿರಿ. ದ್ರವ ಬೆಳ್ಳಗಾಗಿ ಕರ್ಪೂರ ಪುಡಿಪುಡಿಯಾಗಿ ವಾಪಸ್ ಬರುತ್ತದೆ. ಯಾಕೆ ಅಂತ ಮೂರನೇ ಹಂತ ಇನ್ನೊಮ್ಮೆ ಓದಿ, ಎರಡು ವಾಕ್ಯದಲ್ಲಿ ನೀವೇ ಬರೆಯಿರಿ.